ಮೈಗೆ ರೂಢಿಯಾದ ಜ್ವರ

ಬಿಂಕದಕಟ್ಟಿಯ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಾಳೆ: ‘ನಮ್ಮಪ್ಪ ಮಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಎರಡು ಸಲ ಮಲೇರಿಯಾ ಬಂದಿತ್ತು. ಈಗ ಊರಿಗೆ ಬಂದಾಗ ಮತ್ತೆ ಬಂದಿದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ವೈವಾಕ್ಸ್ ಎಂದಿದೆ. ಜ್ವರ ಇಳಿದ ಕೂಡಲೇ ಗುಳಿಗೆ ಬಿಟ್ಟರು. ಕೇಳಿದರೆ, “ಈ ಜ್ವರಾ ನನ್ನ ಮೈಗೆ ರೂಢಿ ಆಗೇತಿ ಬಿಡು” ಅನ್ನುತ್ತಾರೆ. ಇದು ನಿಜವೇ?’

ಅಪ್ಪನ ಮಾತಿನಲ್ಲಿ ಸ್ವಲ್ಪ ಸತ್ಯವಿದೆ; ಅಪಾಯವೂ ಇದೆ.

ಮಲೇರಿಯಾ ರೋಗಾಣು ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆಯಿಂದ ದೇಹ ಸೇರುತ್ತದೆ. ಮೊದಲು ಯಕೃತ್ತಿನಲ್ಲಿ ಬೆಳೆದು, ಆಮೇಲೆ ಕೆಂಪು ರಕ್ತಕಣಗಳಿಗೆ ನುಗ್ಗುತ್ತದೆ. ಈ ಕಣಗಳು ಒಡೆದು ರೋಗಾಣುಗಳು ಹೊರಬಿದ್ದಾಗ ಮೊನೊಸೈಟ್ ಮೊದಲಾದ ಬಿಳಿ ರಕ್ತಕಣಗಳು ಎಚ್ಚೆತ್ತು ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬಂಥ ರಾಸಾಯನಿಕಗಳನ್ನು ಸ್ರವಿಸುತ್ತವೆ. ಚಳಿ, ನಡುಕ, ಜ್ವರ ಬರುವುದು ಇವುಗಳಿಂದಲೇ. ಇದನ್ನು ಉರಿಯೂತ ಎನ್ನುತ್ತಾರೆ. ರೋಗಾಣುವನ್ನು ಎದುರಿಸಲು ಉರಿಯೂತ ಬೇಕು. ಆದರೆ ಅತಿಯಾದರೆ ದೇಹಕ್ಕೇ ಹಾನಿ. ಮಂಗಳೂರಿನ ಮಲೇರಿಯಾ ರೋಗಿಗಳಲ್ಲಿ ಈ ರಾಸಾಯನಿಕಗಳ ಪ್ರಮಾಣಕ್ಕೂ ರಕ್ತಹೀನತೆಗೂ ನಂಟಿರುವುದನ್ನು ಸಂಶೋಧಕರು 2019ರಲ್ಲಿ ವರದಿ ಮಾಡಿದ್ದಾರೆ.

ರೊಟ್ಟಿ ಬಡಿಯುವುದನ್ನು ಹೊಸದಾಗಿ ಕಲಿಯುವವರು ಒಲೆಗೆ ಕಟ್ಟಿಗೆ ತುರುಕಿ ರೊಟ್ಟಿ ಸೀದು ಹಾಕುತ್ತಾರೆ. ಪಳಗಿದ ಅಜ್ಜಿ ಉರಿ ಹೆಚ್ಚಾದಾಗ ಕಟ್ಟಿಗೆಯನ್ನು ಹಿಂದಕ್ಕೆಳೆಯುತ್ತಾಳೆ. ಮತ್ತೆ ಮತ್ತೆ ಮಲೇರಿಯಾ ಎದುರಿಸಿದವರ ಮೊನೊಸೈಟ್‌ಗಳೂ ಹೀಗೆ ಪಳಗುತ್ತವೆ. ಆಫ್ರಿಕದ ಮಾಲಿ ದೇಶದ ವಯಸ್ಕರ ಮೊನೊಸೈಟ್‌ಗಳನ್ನು ಅಲ್ಲಿನ ಮಕ್ಕಳ ಹಾಗೂ ಮಲೇರಿಯಾ ಕಾಣದ ಅಮೆರಿಕನ್ನರ ಕಣಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಮಾಲಿಯ ವಯಸ್ಕರ ಕಣಗಳು ಉರಿಯೂತದ ರಾಸಾಯನಿಕಗಳನ್ನು ಕಡಿಮೆ, ಅದನ್ನು ತಣಿಸುವ ಇಂಟರ್‌ಲ್ಯೂಕಿನ್-10 ಅನ್ನು ಹೆಚ್ಚು ಸ್ರವಿಸುತ್ತಿದ್ದವು. ಟಿ-ಕಣಗಳಲ್ಲೂ ಕೆಲವು ಇದೇ ತಣಿಸುವ ಕೆಲಸ ಮಾಡುತ್ತವೆ.

ಹಾಗಾದರೆ ಅಪ್ಪ ಹೇಳಿದ್ದು ಸರಿಯಲ್ಲವೇ? ಮೂರು ಕಾರಣಕ್ಕೆ ಅಲ್ಲ.

ಮೊದಲನೆಯದು, ಮಾಲಿಯ ಹಳ್ಳಿಗರು ಹುಟ್ಟಿದಾಗಿನಿಂದ ವರ್ಷವರ್ಷವೂ ಸೋಂಕಿನ ನಡುವೆ ಬೆಳೆದವರು. ದುಡಿಯಲು ಮಂಗಳೂರಿಗೆ ಹೋದವರಿಗೆ ಎರಡು ಮೂರು ಸಲದ ಜ್ವರದಿಂದ ಅಂಥ ರಕ್ಷಣೆ ಸಿಗುತ್ತದೆಂದು ನಂಬುವಂತಿಲ್ಲ. ಸಿಕ್ಕರೂ, ಮಲೇರಿಯಾ ಇಲ್ಲದ ಊರಿನಲ್ಲಿ ನೆಲೆಸಿದರೆ ಅದು ಕ್ರಮೇಣ ಕುಗ್ಗುತ್ತದೆ.

ಎರಡನೆಯದು, ಉರಿ ತಗ್ಗಿತೆಂದರೆ ರೋಗಾಣು ಸತ್ತಿತೆಂದಲ್ಲ. ಜ್ವರವಿಲ್ಲದವನ ರಕ್ತದಲ್ಲೂ ಅದು ಇರಬಹುದು. ಅವನನ್ನು ಕಚ್ಚಿದ ಸೊಳ್ಳೆ ಮನೆಯ ಮಗುವಿಗೆ ಅದನ್ನು ದಾಟಿಸಬಹುದು. ಮಗುವಿನ ಕಣಗಳಾದರೋ ಇನ್ನೂ ಪಳಗಿಲ್ಲ.

ಮೂರನೆಯದು, ವೈವಾಕ್ಸ್ ರೋಗಾಣು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿ ಮಲಗಬಲ್ಲದು. ಊರಿಗೆ ಬಂದ ಮೇಲೆ ಜ್ವರ ಮರುಕಳಿಸಿದ್ದಕ್ಕೆ ಇದೇ ಕಾರಣವಿರಬಹುದು. ಕ್ಲೋರೋಕ್ವಿನ್ ಗುಳಿಗೆ ಮೂರು ದಿನದ್ದು; ಅದು ರಕ್ತದಲ್ಲಿರುವುದನ್ನು ಕೊಲ್ಲುತ್ತದೆ. ಅಡಗಿರುವುದನ್ನು ಕೊಲ್ಲಲು ನಮ್ಮ ದೇಶದ ಪದ್ಧತಿಯಲ್ಲಿ 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಇದು ಎಲ್ಲರಿಗೂ ಒಗ್ಗುವುದಿಲ್ಲ, ಗರ್ಭಿಣಿಯರಿಗಂತೂ ಕೊಡುವುದಿಲ್ಲ. ಆದ್ದರಿಂದ ವೈದ್ಯರು ಹೇಳಿದಂತೆಯೇ ನುಂಗಬೇಕು, ನಡುವೆ ಬಿಡಬಾರದು.

ಈ ಪುಟವನ್ನು ಅಪ್ಪನಿಗೆ ಓದಿ ಹೇಳು. ಉಳಿದ ಗುಳಿಗೆಯನ್ನೂ ಚೀಟಿಯನ್ನೂ ಹಿಡಿದು ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ. ನಡುವೆ ಬಿಟ್ಟದ್ದನ್ನು ಮುಚ್ಚಿಡಬೇಡಿ. ಬರುವಾಗ ಮನೆಯ ನೀರಿನ ತೊಟ್ಟಿಗೊಂದು ಮುಚ್ಚಳವನ್ನೂ ತನ್ನಿ. ಜ್ವರಕ್ಕೆ ಮೈ ರೂಢಿಯಾಗುವುದಕ್ಕಿಂತ, ಮದ್ದು ಮುಗಿಸುವುದು ನಮಗೆ ರೂಢಿಯಾಗಲಿ.