ಜ್ಯೂಸ್‌ಗೆ ಚಕ್ಕೆ-ಲವಂಗ ಹಾಕಿ, ಆದ್ರೆ ತೊಳೆಯೋ ಕೆಲಸ ಬಿಡಬೇಡಿ

ತೋಟದ ಪಕ್ಕದ ರಸ್ತೆಯಲ್ಲೇ ಅಂಗಡಿ ಹಾಕಿ, ತಾವು ಬೆಳೆದ ಹಣ್ಣಿನ ಜ್ಯೂಸ್ ತಾವೇ ಮಾರುವ ಯುವ ರೈತರು ಈಗ ಸುಮಾರು ಕಡೆ ಕಾಣಸಿಗ್ತಾರೆ. ಇದು ಒಳ್ಳೆಯ ಬೆಳವಣಿಗೆ. ಮಂಡಿಯಲ್ಲಿ ರೇಟ್ ಬಿದ್ದ ದಿನವೂ ಗ್ಲಾಸಿನ ರೇಟ್ ಬೀಳೋದಿಲ್ಲ. ತೊಂದರೆ ಒಂದೇ, ತಾಜಾ ಜ್ಯೂಸ್ ಬೇಗ ಕೆಡುತ್ತೆ. "ಕೆಮಿಕಲ್ ಹಾಕದೆ ಜ್ಯೂಸ್ ಕೆಡದಂತೆ ಇಡೋದು ಹೇಗೆ?" ಅಂತ ಮೊಬೈಲಿನಲ್ಲಿ ಹುಡುಕಿದರೆ ಉತ್ತರ ಥಟ್ಟನೆ ಬರುತ್ತೆ: ಚಕ್ಕೆ, ಲವಂಗ, ಶುಂಠಿ, ಓಂಕಾಳು, ನಿಂಬೆಹುಲ್ಲು.

ಈ ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಮಸಾಲೆ ಸಾಮಾನು ಜ್ಯೂಸ್‌ನ ಸುರಕ್ಷತೆಗೆ ಸಹಾಯಕ. ಶುಚಿತ್ವ, ಬಿಸಿ, ತಂಪು ಈ ಮೂರರ ಜಾಗಕ್ಕೆ ಅದು ಬರೋದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಬಾಟ್ಲಿ ತುಂಬಿಸಿದರೆ ಕಾಯಿಲೆ ಬೀಳೋದು ಗಿರಾಕಿಯ ಮಗು, ಹೆಸರು ಕೆಡೋದು ನಮ್ಮದು.

ಮಸಾಲೆಯಲ್ಲಿ ಶಕ್ತಿ ಇರೋದು ನಿಜ

ಚಕ್ಕೆಯಲ್ಲಿ ಸಿನ್ನಮಾಲ್ಡಿಹೈಡ್, ಲವಂಗದಲ್ಲಿ ಯೂಜಿನಾಲ್, ಓಂಕಾಳಿನಲ್ಲಿ ಥೈಮಾಲ್, ನಿಂಬೆಹುಲ್ಲಿನಲ್ಲಿ ಸಿಟ್ರಾಲ್ ಅನ್ನೋ ಅಂಶಗಳಿವೆ. ನಮಗೆ ಘಮ ಅನ್ನಿಸುವುದು ಗಿಡಕ್ಕೆ ರಕ್ಷಣೆ. ಇವು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಸಡಿಲ ಮಾಡುತ್ತವೆ. ಒಳಗಿನದು ಸೋರಿ ಬ್ಯಾಕ್ಟೀರಿಯಾ ಸೊರಗುತ್ತೆ, ಪ್ರಮಾಣ ಸಾಕಷ್ಟಿದ್ದರೆ ಸಾಯುತ್ತೆ. ಇವುಗಳ ಜೊತೆ ಹದವಾದ ಬಿಸಿಯೂ ಸೇರಿದರೆ ರೋಗಾಣುಗಳು ಇನ್ನೂ ಬೇಗ ಸಾಯುತ್ತವೆ ಅನ್ನೋದು ಪ್ರಯೋಗಾಲಯಗಳಲ್ಲಿ ಕಂಡಿದೆ.

ಗುಣಮಟ್ಟದಲ್ಲೂ ಲಾಭ ಇದೆ. ಕಬ್ಬಿನ ಹಾಲು ಹಿಂಡಿದ ಸ್ವಲ್ಪ ಹೊತ್ತಿಗೇ ಕಪ್ಪಾಗೋದು ಅದರಲ್ಲಿರೋ ಕಿಣ್ವ ಗಾಳಿಯ ಜೊತೆ ಸೇರಿ ಮಾಡೋ ಕೆಲಸದಿಂದ. ನಿಂಬೆಹಣ್ಣಿನ ಹುಳಿ ಮತ್ತು ಅದರ ಸಿ ಜೀವಸತ್ವ ಇದನ್ನು ತಡೆಯುತ್ತವೆ. ಕಬ್ಬಿನ ಜೊತೆ ನಿಂಬೆ, ಶುಂಠಿ ಹಿಂಡುವುದು ಬರೀ ರುಚಿಗಲ್ಲ.

ಹಾಗಾದ್ರೆ ತೊಂದರೆ ಎಲ್ಲಿ?

ಮೊದಲನೇದು, ಪ್ರಮಾಣ. ಪ್ರಯೋಗಾಲಯದ ತಟ್ಟೆಯಲ್ಲಿ ಕೆಲಸ ಮಾಡಿದ ಪ್ರಮಾಣ ನಿಜವಾದ ಜ್ಯೂಸ್‌ನಲ್ಲಿ ಸಾಲೋದಿಲ್ಲ. ತಿರುಳು, ಪ್ರೋಟೀನು ಈ ಅಂಶಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಸಾಲುವಷ್ಟು ಹಾಕಿದರೆ ಜ್ಯೂಸ್ ಕಷಾಯ ಆಗುತ್ತೆ, ಗಿರಾಕಿ ಎರಡನೇ ಸಲ ಬರೋದಿಲ್ಲ.

ಎರಡನೇದು, ಎಣ್ಣೆ ನೀರಿಗೆ ಬೆರೆಯಲ್ಲ. "ಎರಡು ಹನಿ ಲವಂಗದೆಣ್ಣೆ ಹಾಕಿ" ಅನ್ನೋ ಸಲಹೆ ಕೇಳೋಕೆ ಸುಲಭ. ಆ ಹನಿ ಬೆರೆಯದೆ ಬೇರೆಯಾಗೇ ಉಳಿಯುತ್ತೆ. ಒಬ್ಬರ ಗ್ಲಾಸಿಗೆ ಏನೂ ಬರಲ್ಲ, ಇನ್ನೊಬ್ಬರ ಗ್ಲಾಸಿಗೆ ಎಲ್ಲಾ ಬರುತ್ತೆ. ಲವಂಗದೆಣ್ಣೆ ಹೊಟ್ಟೆಗೆ ಹೆಚ್ಚು ಹೋದರೆ ಯಕೃತ್ತಿಗೆ ಹಾನಿ, ಮಕ್ಕಳಿಗಂತೂ ಅಪಾಯ. ಪರಿಮಳಕ್ಕೆ, ಮೈಗೆ ಹಚ್ಚೋಕೆ ಅಂತ ಮಾರುವ ಎಣ್ಣೆಯನ್ನು ಜ್ಯೂಸ್‌ಗೆ ಹಾಕಲೇಬೇಡಿ. ಚಕ್ಕೆ ಹೆಸರಿನಲ್ಲಿ ಅಗ್ಗಕ್ಕೆ ಸಿಗುವ ಕ್ಯಾಸಿಯಾದಲ್ಲಿ ಕೂಮರಿನ್ ಜಾಸ್ತಿ, ದಿನಾ ಹೆಚ್ಚು ಸೇವಿಸಿದರೆ ಅದೂ ಯಕೃತ್ತಿಗೆ ಒಳ್ಳೇದಲ್ಲ.

ಮೂರನೇದು ನಮ್ಮ ವಿಜಯಪುರ, ಬಾಗಲಕೋಟೆ, ಕೊಪ್ಪಳದ ದಾಳಿಂಬೆ ಬೆಳೆಗಾರರಿಗೆ. ದಾಳಿಂಬೆ ಸಿಪ್ಪೆಯ ಒಗರಿನ ಅಂಶಕ್ಕೆ ಬ್ಯಾಕ್ಟೀರಿಯಾ ತಡೆಯುವ ಗುಣ ಇದೆ, ಸಂಶೋಧಕರಿಗೆ ಅದರ ಮೇಲೆ ಆಸಕ್ತಿಯೂ ಇದೆ. ಆದರೆ ದುಂಡಾಣು ಅಂಗಮಾರಿಗೆ ನಾವು ಹೊಡೆಯೋ ಔಷಧಿ ಬೀಳೋದು ಅದೇ ಸಿಪ್ಪೆ ಮೇಲೆ. ಮನೆಯಲ್ಲಿ ಸಿಪ್ಪೆ ಕುದಿಸಿ ಸಾರ ತೆಗೆದರೆ ಗುಣದ ಜೊತೆ ಔಷಧಿಯ ಶೇಷವೂ ಇಳಿದು ಬರಬಹುದು. ಶೇಷ ಪರೀಕ್ಷೆ ಮಾಡಿಸದ ಸಿಪ್ಪೆಯನ್ನು ಜ್ಯೂಸ್ ಹತ್ತಿರ ತರಬೇಡಿ.

1996ರ ಪಾಠ

"ಹಣ್ಣಿನಲ್ಲಿ ಹುಳಿ ಇದೆ, ರೋಗಾಣು ಬದುಕಲ್ಲ" ಅಂತ ಬಹಳ ಜನ ನಂಬಿದ್ದಾರೆ. 1996ರಲ್ಲಿ ಅಮೆರಿಕದಲ್ಲಿ ಬಿಸಿ ಮಾಡದ ಸೇಬಿನ ಜ್ಯೂಸ್ ಕುಡಿದು 60ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಒಂದು ಮಗು ಸತ್ತಿತು. ಕಾರಣ ಇ-ಕೋಲೈ O157 ಅನ್ನೋ ಬ್ಯಾಕ್ಟೀರಿಯಾ. ಅದು ದನಗಳ ಕರುಳಿನಲ್ಲಿ ವಾಸ ಮಾಡುತ್ತೆ, ಸೇಬಿನ ಹುಳಿಯನ್ನೂ ತಡೆದುಕೊಳ್ಳುತ್ತೆ. ಸಗಣಿ ಗೊಬ್ಬರ, ಸ್ಲರಿ, ಜೀವಾಮೃತ ಬಳಸುವ ನಮ್ಮ ತೋಟಗಳಲ್ಲಿ ನೆಲಕ್ಕೆ ಬಿದ್ದ ಹಣ್ಣನ್ನು ಹಾಗೇ ಮಿಕ್ಸಿಗೆ ಹಾಕೋ ಮುಂಚೆ ಇದು ನೆನಪಿರಲಿ. ತಪ್ಪು ಗೊಬ್ಬರದ್ದಲ್ಲ, ಬಿದ್ದ ಹಣ್ಣು ಆರಿಸಿದ ಕೈಯದ್ದು.

ಇದಾದ ಮೇಲೆ 2001ರಲ್ಲಿ ಅಲ್ಲಿನ ಸರ್ಕಾರ ಜ್ಯೂಸ್ ತಯಾರಕರಿಗೆ ಒಂದು ನಿಯಮ ತಂದಿತು. ಒಂದು ಲಕ್ಷ ರೋಗಾಣು ಇದ್ದರೆ ಅದು ಒಂದಕ್ಕೆ ಇಳಿಯಬೇಕು. ಬಿಸಿಯನ್ನೇ ಮಾಡಿ ಅಂತ ನಿಯಮ ಹೇಳೋದಿಲ್ಲ, ಯಾವ ವಿಧಾನವಾದರೂ ಸರಿ, ಸಾಬೀತು ಮಾಡಿ ಅನ್ನುತ್ತೆ. ಮಸಾಲೆಗೂ ಇದೇ ಅಳತೆಗೋಲು ಇರಬೇಕು ಅನ್ನೋದು ನನ್ನ ವಾದ. "ನೈಸರ್ಗಿಕ" ಅನ್ನೋದು ಒಂದು ಪದ. ಪರೀಕ್ಷೆಯ ವರದಿ ಬೇರೆ.

ಪಾನಕ ಹೇಳಿಕೊಟ್ಟ ಬುದ್ಧಿ

ರಾಮನವಮಿ ಪಾನಕಕ್ಕೆ ನಮ್ಮ ಹಿರಿಯರು ಶುಂಠಿ, ಏಲಕ್ಕಿ, ಕಾಳುಮೆಣಸು, ನಿಂಬೆ ಎಲ್ಲಾ ಹಾಕಿದರು. ಆದರೂ ಅದನ್ನು ನಾಳೆಗೆ ಇಡಲಿಲ್ಲ. ಅವತ್ತು ಮಾಡಿ ಅವತ್ತೇ ಹಂಚಿದರು. ವರ್ಷಪೂರ್ತಿ ಇಡಬೇಕಿದ್ದ ಪುನರ್ಪುಳಿಯನ್ನು ಒಣಗಿಸಿದರು, ಇಲ್ಲವೇ ಸಕ್ಕರೆಯಲ್ಲಿ ಹಾಕಿ ಗಟ್ಟಿ ಸಿರಪ್ ಮಾಡಿದರು. ಕುಡಿಯೋದು ಬೇರೆ, ಕೂಡಿಡೋದು ಬೇರೆ ಅನ್ನೋದು ಅವರಿಗೆ ಗೊತ್ತಿತ್ತು.

ನೀವೂ ಹಾಗೇ ಎರಡು ದಾರಿ ಮಾಡಿಕೊಳ್ಳಿ.

ಗ್ಲಾಸಿನಲ್ಲಿ ಕೊಡೋದಾದ್ರೆ: ಸೀಳಿದ, ಕೊಳೆತ, ನೆಲಕ್ಕೆ ಬಿದ್ದ ಹಣ್ಣು ಬೇಡ. ಹಣ್ಣನ್ನು ಕತ್ತರಿಸೋ ಮುಂಚೆ ಹರಿಯುವ ಶುದ್ಧ ನೀರಿನಲ್ಲಿ ಉಜ್ಜಿ ತೊಳೆಯಿರಿ. ಕುಡಿಯುವ ನೀರಿನ ಐಸ್ ಮಾತ್ರ ಬಳಸಿ. ಕಬ್ಬಿನ ಗಾಣದ ರೋಲರ್, ಮಿಕ್ಸಿ ಜಾರ್, ಚಾಕು ದಿನಕ್ಕೆ ಹಲವು ಸಲ ತೊಳೆಯಬೇಕು. ಕಣ್ಣೆದುರೇ ಹಿಂಡಿ, ಆಗಲೇ ಕುಡಿಸಿ. ಶುಂಠಿ, ನಿಂಬೆ, ಪುದೀನ ಧಾರಾಳವಾಗಿ ಹಾಕಿ, ಅದೇ ನಿಮ್ಮ ಅಂಗಡಿಯ ಗುರುತಾಗಲಿ.

ಬಾಟ್ಲಿ ತುಂಬೋದಾದ್ರೆ: ಪಾಶ್ಚರೀಕರಣ ಕಲಿಯಿರಿ, ತಂಪಿನಲ್ಲಿಡಿ, ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಮಾನ್ಯತೆ ಪಡೆದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಹುಳಿ ಕಡಿಮೆ ಇರೋ ಕಬ್ಬು, ಕಲ್ಲಂಗಡಿ ಜ್ಯೂಸ್‌ನಲ್ಲಿ ಅಪಾಯ ಇನ್ನೂ ಹೆಚ್ಚು. ಅದನ್ನು ತಜ್ಞರ ಮಾರ್ಗದರ್ಶನ ಇಲ್ಲದೆ ಬಾಟ್ಲಿ ಮಾಡಲೇಬೇಡಿ. ಮೈಸೂರಿನ ಸಿಎಫ್‌ಟಿಆರ್‌ಐ ಆಹಾರ ಸಂಸ್ಕರಣೆಯ ಅಲ್ಪಾವಧಿ ತರಬೇತಿ ಕೊಡುತ್ತೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಿ ನೋಡಿ.

"ಬಿಸಿ ಮಾಡಿದ್ರೆ ಫ್ರೆಶ್ ಅಲ್ಲ ಅಂತ ಗಿರಾಕಿ ಹೇಳ್ತಾರೆ" ಅನ್ನೋ ಮಾತು ಬರುತ್ತೆ, ಗೊತ್ತು. ಮಸಾಲೆಗೆ ಮುಂದೆ ದೊಡ್ಡ ಪಾತ್ರ ಇರೋದು ಇಲ್ಲೇ. ಚಕ್ಕೆಯೋ ಓಂಕಾಳೋ ಜೊತೆಗಿದ್ದಾಗ ಕಡಿಮೆ ಬಿಸಿ ಸಾಕಾದರೆ ಹಣ್ಣಿನ ರುಚಿಯೂ ಉಳಿಯುತ್ತೆ. ಆ ಪಾಕವನ್ನು ಪ್ರತಿ ಹಣ್ಣಿಗೂ ಲ್ಯಾಬಿನಲ್ಲಿ ಪರೀಕ್ಷಿಸಿ ಹದ ಹೇಳಿಕೊಡಬೇಕಾದ್ದು ಸಂಶೋಧನಾ ಸಂಸ್ಥೆಗಳ ಕೆಲಸ. ಅದನ್ನು ಕೇಳಿ ಪಡೆಯೋದು ನಮ್ಮ ಕೆಲಸ. ನಿಮ್ಮ ರೈತ ಉತ್ಪಾದಕ ಕಂಪನಿಯಲ್ಲಿ ಹತ್ತು ಜನ ಸೇರಿ ಒಂದು ಅರ್ಜಿ ಕೊಡಿ, ಒಂದು ಪರೀಕ್ಷೆಯ ಖರ್ಚು ಹಂಚಿಕೊಳ್ಳಿ. ಅಲ್ಲಿಯವರೆಗೆ ಚಕ್ಕೆ-ಲವಂಗ ಪರಿಮಳಕ್ಕಿರಲಿ. ಸುರಕ್ಷತೆಗೆ ನೀರು, ಬಿಸಿ, ಐಸ್ ಡಬ್ಬಿಯನ್ನೇ ನಂಬಿ.