ಮೊದಲು ಪರೀಕ್ಷೆ, ಆಮೇಲೆ ಗ್ಯಾಸು

ಮರೀನಾ ಕಡಲದಂಡೆಯ ರಸ್ತೆಯಲ್ಲಿ ಓಡುತ್ತಿರುವಷ್ಟು ಹೊತ್ತು ಕಾರಿನ ಎ.ಸಿ. ತಣ್ಣನೆಯ ಗಾಳಿಯನ್ನು ಕೊಡುತ್ತದೆ. ಮೈಲಾಪೂರಿನ ಕಡೆಗೆ ತಿರುಗಿ, ಮಾಡಬೀದಿಗಳ ಇಲ್ಲವೆ ಲಜ್ ಮೂಲೆಯ ಸಂದಣಿಯಲ್ಲಿ ಸಿಕ್ಕಿ ನಿಂತೊಡನೆ ಅದೇ ಗಾಳಿ ಬೆಚ್ಚಗಾಗುತ್ತದೆ. ಅಗ್ನಿನಕ್ಷತ್ರದ ದಿನಗಳಲ್ಲಿ ಇಲ್ಲಿ ಕಾರು ನಡೆಸುವ ಅನೇಕರ ಅನುಭವವಿದು. ಮರುದಿನ ವರ್ಕ್‌ಷಾಪಿಗೆ ಒಯ್ದರೆ ಉತ್ತರವು ಮೊದಲೇ ಸಿದ್ಧವಾಗಿರುತ್ತದೆ: “ಗ್ಯಾಸು ಮುಗಿದಿದೆ, ತುಂಬಿಸಬೇಕು.” ತುಂಬಿಸುತ್ತೇವೆ, ಹಣ ತೆರುತ್ತೇವೆ, ಕೆಲವೇ ವಾರಗಳಲ್ಲಿ ಪುನಃ ಅದೇ ಸೆಖೆ, ಅದೇ ಉತ್ತರ.

ಕಾರಿನ ಮಾತು ನಮಗೇಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. 1962ರಲ್ಲಿ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲು ಕೆಥೆಡ್ರಲ್ ರಸ್ತೆಯಲ್ಲಿ ತೆರೆದಾಗ, ಕಾರಿನೊಳಗೆ ಕುಳಿತು ತಿಂಡಿ ತಿಂದವರು ಬೇರೆ, ತಟ್ಟೆ ಹಿಡಿದು ಕಾರಿನ ಬಾಗಿಲಿಗೆ ಹೋದವರು ಬೇರೆ. ಆ ಹೋಟೆಲು 2008ರಲ್ಲಿ ಮುಚ್ಚಿತು. ಆ ಸ್ಥಳದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಕಾಲವೂ ಬದಲಾಗಿದೆ. ಸಾಲ ಮಾಡಿ ಹಳೆಯ ಕಾರೊಂದನ್ನು ಕೊಂಡ ಗುಮಾಸ್ತರು ನಮ್ಮಲ್ಲಿದ್ದಾರೆ. ಹೋಟೆಲಿನ ಕೆಲಸ ಬಿಟ್ಟು ಬಾಡಿಗೆ ಕಾರು ನಡೆಸುವವರಿದ್ದಾರೆ. ಧಣಿಯ ಕಾರನ್ನು ನೋಡಿಕೊಳ್ಳುವವರೂ ಇದ್ದಾರೆ. ಎ.ಸಿ. ಕೆಟ್ಟ ದಿನ ಬಾಡಿಗೆಯವನ ಸಂಪಾದನೆ ನಿಲ್ಲುತ್ತದೆ, ಡ್ರೈವರನು ಧಣಿಯಿಂದ ಬೈಗುಳ ತಿನ್ನುತ್ತಾನೆ.

ಹೋಟೆಲೊಂದರ ಗಲ್ಲಾದಲ್ಲಿ ಕುಳಿತುಕೊಳ್ಳುವ ನಮ್ಮ ಪರಿಚಿತರೊಬ್ಬರು ಒಂದೇ ಬೇಸಗೆಯಲ್ಲಿ ಎರಡು ಸಲ ಗ್ಯಾಸು ತುಂಬಿಸಿದರು. ಮೂರನೆಯ ಸಲ ಕಂಪ್ರೆಸರನ್ನೇ ಬದಲಿಸಬೇಕೆಂಬ ಸಲಹೆ ಬಂತು. ಕೊನೆಗೆ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬನು ಬಾನೆಟ್ಟು ತೆರೆದು ನೋಡಿದಾಗ ಕಂಡದ್ದು ತಿರುಗದೆ ನಿಂತಿದ್ದ ಫ್ಯಾನು. ಕೆಟ್ಟಿದ್ದುದು ಬೆಂಕಿಪೊಟ್ಟಣಕ್ಕಿಂತಲೂ ಚಿಕ್ಕದಾದ ಒಂದು ರಿಲೇ!

ಎ.ಸಿ.ಯು ತಂಪನ್ನು ಹುಟ್ಟಿಸುವ ಯಂತ್ರವಲ್ಲ. ಕಾರಿನೊಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುವ ಯಂತ್ರ. ಕಂಪ್ರೆಸರ್ ಒತ್ತಿದ್ದರಿಂದ ಕಾದ ಗ್ಯಾಸು, ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ತನ್ನ ಶಾಖವನ್ನು ಹೊರಗಾಳಿಗೆ ಬಿಟ್ಟು ದ್ರವವಾಗುತ್ತದೆ. ಆ ದ್ರವವು ಕಿರಿದಾದ ವಾಲ್ವೊಂದನ್ನು ದಾಟಿ, ಡ್ಯಾಷ್‌ಬೋರ್ಡಿನ ಹಿಂದಣ ಕೂಲಿಂಗ್ ಕಾಯಿಲಿನಲ್ಲಿ ಮತ್ತೆ ಆವಿಯಾಗುವಾಗ ಒಳಗಿನ ಶಾಖವನ್ನು ಹೀರುತ್ತದೆ. ಅಡಿಗೆಮನೆಯ ಫ್ರಿಜ್ಜಿನ ಬೆನ್ನನ್ನು ಗೋಡೆಗೆ ಒತ್ತಿ ಇಟ್ಟರೆ ಅದು ಸರಿಯಾಗಿ ತಣಿಸದೆಂಬುದು ಹೋಟೆಲಿನ ನಮ್ಮ ಹುಡುಗರಿಗೆ ಗೊತ್ತು. ಇಲ್ಲಿಯೂ ಅದೇ ನ್ಯಾಯ. ಕಾರು ಓಡುವಾಗ ಎದುರುಗಾಳಿ ಕಂಡೆನ್ಸರನ್ನು ತಣಿಸುತ್ತದೆ. ನಿಂತಾಗ ಫ್ಯಾನೊಂದೇ ಆಧಾರ. ಆದುದರಿಂದ ಓಡುವಾಗ ತಂಪು, ನಿಂತಾಗ ಸೆಖೆ ಎಂದಾದರೆ ಮೊದಲ ಸಂಶಯವು ಫ್ಯಾನಿನ ಮೇಲೆ, ಅಥವಾ ಧೂಳು ಮುಚ್ಚಿದ ಕಂಡೆನ್ಸರಿನ ಮೇಲೆ ಹೋಗತಕ್ಕದ್ದು. ಗ್ಯಾಸು ಕಡಿಮೆಯಾದಾಗಲೂ ಇಂಥ ಲಕ್ಷಣ ತೋರುವುದುಂಟು. ಪರೀಕ್ಷೆ ಬೇಕೆನ್ನುವುದು ಅದಕ್ಕಾಗಿಯೇ.

ಮೊದಲ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಇಂಜಿನ್ ನಡೆಯುತ್ತಿರುವಾಗ ಎ.ಸಿ. ಹಾಕಿ, ಬಾನೆಟ್ಟು ತೆರೆದು, ದೂರ ನಿಂತು ನೋಡಬೇಕು. ಬಹುತೇಕ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲಿಯೇ ಫ್ಯಾನು ತಿರುಗುತ್ತದೆ. ತಿರುಗದಿದ್ದರೆ ಫ್ಯೂಸು, ರಿಲೇ, ತಂತಿಯ ಜೋಡಣೆ, ಮೋಟಾರು ಎಂಬ ಕ್ರಮದಲ್ಲಿ ನೋಡಿಸಬೇಕು. ಅದೇ ಗುರುತಿನ ಬೇರೊಂದು ರಿಲೇ ಪೆಟ್ಟಿಗೆಯಲ್ಲಿದ್ದರೆ ಅದಲುಬದಲು ಮಾಡಿದೊಡನೆ ನಿಜಸ್ಥಿತಿ ತಿಳಿಯುತ್ತದೆ. ಬ್ಯಾಟರಿಯಿಂದ ನೇರವಾಗಿ ವಿದ್ಯುತ್ತು ಕೊಟ್ಟಾಗ ಮೋಟಾರು ಚೆನ್ನಾಗಿ ತಿರುಗಿದರೆ ದೋಷ ಬೇರೆಡೆಯಲ್ಲಿದೆಯೆಂದರ್ಥ. ಎ.ಸಿ. ಹಾಕಿದಾಗ ಸುಮ್ಮನಿದ್ದು ಇಂಜಿನ್ ಕಾದ ಮೇಲೆ ಮಾತ್ರ ತಿರುಗುವ ಫ್ಯಾನಿನಲ್ಲಿ ಮೋಟಾರು ನಿರಪರಾಧಿ. ಅದಕ್ಕೆ ಆಜ್ಞೆ ಕೊಡುವ ಸೆನ್ಸರನ್ನೋ ವೈರನ್ನೋ ಹುಡುಕಬೇಕು. ಅನೇಕ ಕಾರುಗಳಲ್ಲಿ ಇಂಜಿನ್ನಿನ ನೀರನ್ನು ತಣಿಸುವುದೂ ಇದೇ ಫ್ಯಾನು. ಇದನ್ನು ಅಲಕ್ಷಿಸಿದರೆ ಎ.ಸಿ.ಯ ಸೆಖೆಯೊಂದಿಗೆ ಇಂಜಿನ್ನಿನ ನಾಶವೂ ಬರಬಹುದು.

ಇನ್ನು ಗ್ಯಾಸಿನ ಮಾತು. ಅದು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಿರುವಂಥದು. ಸಣ್ಣ ಕಾರಿನಲ್ಲಿರುವುದು ಸುಮಾರು ಅರ್ಧ ಕಿಲೋಗ್ರಾಂ ಮಾತ್ರ. ವರ್ಷಗಟ್ಟಲೆಯಲ್ಲಿ ಸಂದುಗಳಿಂದ ತುಸು ಜಿನುಗುವುದು ಸಹಜ. ವಾರಗಳಲ್ಲಿ ಮುಗಿದರೆ ಎಲ್ಲಿಯೋ ಸೋರಿಕೆಯಿದೆ. ದಿನವೂ ಗಲ್ಲಾಪೆಟ್ಟಿಗೆಯಲ್ಲಿ ಹಣ ಕಡಿಮೆಯಾಗುತ್ತಿದ್ದರೆ, ತಪಾಸಣೆ ಮಾಡದೆ ತನ್ನ ಕೈಯಿಂದ ಹಾಕಿ ಮೊತ್ತ ಸರಿಮಾಡುವ ಗುಮಾಸ್ತನುಂಟೆ? ಸಾಂತೋಮ್ ಕಡೆಯ ಉಪ್ಪುಗಾಳಿ ಅಲ್ಯೂಮಿನಿಯಮ್ ಕಂಡೆನ್ಸರನ್ನು ತಿನ್ನುವಂಥದು. ಸಾಬೂನಿನ ನೀರು, ಬಣ್ಣ, ನೈಟ್ರೋಜನ್ ಒತ್ತಡ, ಇವುಗಳಿಂದ ಸೋರಿಕೆಯನ್ನು ಹುಡುಕಿ ಮುಚ್ಚಿ, ಕೊಳವೆಯನ್ನು ನಿರ್ವಾತ ಮಾಡಿ, ಕಾರಿನ ಚೀಟಿಯಲ್ಲಿ ಬರೆದಷ್ಟೇ ಗ್ಯಾಸನ್ನು ತೂಗಿ ತುಂಬುವುದು ಸರಿಯಾದ ಕ್ರಮ. ಕಂಪ್ರೆಸರ್ ನಿಂತಿರುವಾಗ ಗೇಜಿನ ಮುಳ್ಳನ್ನು ನೋಡಿ “ಸಾಲದು” ಎನ್ನುವುದರಲ್ಲಿ ಅರ್ಥವಿಲ್ಲ. ಆಗ ಕಾಣುವುದು ಗ್ಯಾಸು ಇದೆಯೆಂಬುದು, ಎಷ್ಟಿದೆಯೆಂಬುದಲ್ಲ. ಹೆಚ್ಚು ತುಂಬಿದರೂ ತಂಪು ಕಡಿಮೆಯಾಗುತ್ತದೆ. ಬಹಳ ಕಾರುಗಳಲ್ಲಿರುವ ಆರ್-134ಎ ಎಂಬ ಗ್ಯಾಸು, ಸಮತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚಾಗಿ ಭೂಮಿಯನ್ನು ಕಾಯಿಸತಕ್ಕದ್ದು. ಅದನ್ನು ಸುಮ್ಮನೆ ಗಾಳಿಗೆ ಬಿಡುವುದು ಊರಿನ ಸೆಖೆಯನ್ನೇ ಹೆಚ್ಚಿಸಿದಂತೆ.

ಹಾಗೆಂದು ದೋಷವನ್ನೆಲ್ಲ ಮೆಕ್ಯಾನಿಕ್ಕಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅರ್ಧ ಪಾಲು ನಮ್ಮದು. ಡಾಕ್ಟರು ನಾಡಿ ಹಿಡಿದು ನೋಡಿದ್ದಕ್ಕೆ ಮರುಮಾತಿಲ್ಲದೆ ಹಣ ಕೊಡುತ್ತೇವೆ, ಒಂದು ಗಂಟೆ ಬಾನೆಟ್ಟಿನೊಳಗೆ ತಲೆಬಾಗಿ ದೋಷ ಹುಡುಕಿದವನನ್ನು “ಬರೇ ನೋಡಿದ್ದಕ್ಕೂ ಹಣವೆ?” ಎಂದು ಕೇಳುತ್ತೇವೆ. ನೋಡಿದ್ದಕ್ಕೆ ಕೂಲಿಯಿಲ್ಲವೆಂದಾದರೆ ಅವನು ಏನನ್ನಾದರೂ ಮಾರಲೇಬೇಕು. ಎಲ್ಲಕ್ಕಿಂತ ಬೇಗ ಮಾರಾಟವಾಗುವುದು ಗ್ಯಾಸು. ಚಿಕ್ಕ ರಿಲೇಯೊಂದನ್ನು ಹಾಕಿ ಹತ್ತಾರು ರೂಪಾಯಿ ಲಾಭ ಪಡೆಯುವ ಪ್ರಾಮಾಣಿಕನಿಗಿಂತ, ಕಂಪ್ರೆಸರ್ ಬದಲಿಸುವವನೇ ನಮ್ಮ ಈ ಪದ್ಧತಿಯಲ್ಲಿ ಏಳಿಗೆ ಹೊಂದುತ್ತಾನೆ. ಪರೀಕ್ಷೆಗೆ ಬೇರೆ ಕೂಲಿ ಗೊತ್ತುಮಾಡಿ ಸಂತೋಷದಿಂದ ಕೊಡಬೇಕು. ಪ್ರತಿಯಾಗಿ ಏನನ್ನು ಅಳೆದರು, ಏನು ಕಂಡಿತು ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು. ಹೀಗೆ ಕೇಳುವುದು ಜಗಳವಲ್ಲ, ವ್ಯವಹಾರದ ಮರ್ಯಾದೆ.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಇಂಜಿನ್ ಕಾದಿರುವಾಗ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದು. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕೆಲವು ಕಾರುಗಳಲ್ಲಿ ಇಂಜಿನ್ ನಿಲ್ಲಿಸಿದ ಮೇಲೂ ಫ್ಯಾನು ತಟ್ಟನೆ ತಿರುಗಬಹುದು. ಕೈ, ಟವೆಲ್ಲು, ಪಂಚೆಯ ಸೆರಗು ದೂರವಿರಲಿ. ಗ್ಯಾಸಿನ ಕೊಳವೆಗೆ ನಾವು ಕೈಹಾಕದಿರುವುದೇ ಲೇಸು. ಅದು ತಿಳಿದವನ ಕೆಲಸ. ನಮ್ಮ ಕೆಲಸ ಕಣ್ಣಿಟ್ಟು ನೋಡುವುದು, ಕಾರಣವನ್ನು ಕೇಳುವುದು, ತಿಳಿಸಿದವನಿಗೆ ಅವನ ಕೂಲಿಯನ್ನು ಕೊಡುವುದು. ಇಷ್ಟನ್ನು ಮಾಡಿದರೆ ಬೆವರು ಸುರಿಸಿ ಗಳಿಸಿದ ಹಣವು ಕಾಣದ ರಂಧ್ರದಲ್ಲಿ ಸೋರಿಹೋಗುವುದು ತಪ್ಪೀತು.