ಡಬ್ಲಿನ್‌ನಲ್ಲಿ ಪರಂಗಿಯವರ ಊಟ

ಕಳೆದ ಸಂಚಿಕೆಯಲ್ಲಿ ವಿಮಾನದಲ್ಲಿ ಇನ್ಸುಲಿನ್ ಒಯ್ಯುವ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ಹಿರಿಯರೊಬ್ಬರು ರಾಜ್ಯೋತ್ಸವದ ದಿನ ಸಿಕ್ಕಿ, “ರಜೆಯಲ್ಲೂ ಔಷಧದ ಪೆಟ್ಟಿಗೆ ತೆರೆದುಕೊಂಡೇ ಕೂರುವುದಾ ಮಾರಾಯ್ರೆ? ಒಮ್ಮೆ ತಿಂದದ್ದು, ಕುಡಿದದ್ದು ಬರೆಯಿರಿ” ಎಂದರು. ಅವರ ಮಾತಿಗೆ ಒಪ್ಪಿ ಈ ಸಲ ಊಟದ ಸುದ್ದಿ. ಪೆಟ್ಟಿಗೆ ನಡುವೆ ತಾನಾಗಿಯೇ ತೆರೆದುಕೊಂಡರೆ ಅದಕ್ಕೆ ನಾವು ಹೊಣೆಯಲ್ಲ.

ನಾವಿಬ್ಬರೂ ಗಂಡ ಹೆಂಡತಿ, ಜೊತೆಗೆ ಮನೆಯಾಕೆಯ ಅಣ್ಣ, ಅಂದರೆ ನಮ್ಮ ಭಾವ, ಮೂವರೂ ಆರು ದಿನಕ್ಕೆಂದು ಐರ್ಲೆಂಡಿಗೆ ಹೋಗಿದ್ದೆವು. ನಾದಿನಿ ಡಬ್ಲಿನ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. (ಹೊರಡುವವರಿಗೆ ಒಂದು ಕಿವಿಮಾತು: ಐರ್ಲೆಂಡ್ ಯುರೋಪಿಯನ್ ಯೂನಿಯನ್‌ನಲ್ಲಿದ್ದರೂ ಷೆಂಗೆನ್‌ನಲ್ಲಿಲ್ಲ. ವೀಸಾ ಬೇರೆಯೇ ಮಾಡಿಸಬೇಕು.) ಎರಡು ದಿನ ಕುರಿಮಾಂಸದ ಸ್ಟ್ಯೂ, ಮೀನು ಮತ್ತು ಚಿಪ್ಸ್ ಆಯಿತು. ಚೆನ್ನಾಗಿಯೇ ಇತ್ತು, ಆದರೆ ಉಡುಪಿ ಕಡೆಯ ನಾಲಿಗೆಗೆ ಸಪ್ಪೆ. ಶುಕ್ರವಾರ ನಾದಿನಿ, “ನಮ್ಮ ವಾರ್ಡಿನಲ್ಲಿ ಒಬ್ಬಳು ಪೋರ್ಚುಗೀಸ್ ನರ್ಸ್ ಇದ್ದಾಳೆ. ಅವಳು ಹೇಳಿದ ಒಂದು ಜಾಗ ಉಂಟು, ಬನ್ನಿ” ಎಂದಳು.

ಐರ್ಲೆಂಡಿಗೆ ಹೋಗಿ ಪೋರ್ಚುಗೀಸ್ ಊಟವೇ ಎಂದು ನಗಬೇಡಿ. ಅಲ್ಲಿ ಕುಡಿಯುವ ವೈನ್ ಬಹುತೇಕ ಎಲ್ಲವೂ ಹೊರಗಿನಿಂದ ಬರುವಂಥದ್ದೇ. ಪೋರ್ಚುಗಲ್ಲಿಗೂ ಅವರಿಗೂ ಇರುವುದು ಒಂದೇ ಅಟ್ಲಾಂಟಿಕ್ ಕಡಲು, ಒಂದೇ ಮಳೆ.

ಹೊರಡುವ ಮೊದಲು ಭಾವನ ಕೈಚೀಲದಲ್ಲಿ ಮನೆಯಾಕೆ ಒಂದು ಮಾತ್ರೆಯ ಸ್ಟ್ರಿಪ್ ನೋಡಿದಳು. ಮೆಟ್ರೋನಿಡಜೋಲ್. ದವಡೆ ಹಲ್ಲಿನ ಬುಡದಲ್ಲಿ ಕೀವಾಗಿ, ಹೊರಡುವ ಎರಡು ದಿನ ಮೊದಲು ಡಾಕ್ಟರು ಐದು ದಿನಕ್ಕೆ ಕೊಟ್ಟದ್ದು. ಅವತ್ತು ಐದನೆಯ ದಿನ, ಇನ್ನು ಎರಡು ಮಾತ್ರೆ ಬಾಕಿ.

“ಭಾವ, ಇವತ್ತು ನಿಮಗೆ ವೈನ್ ಇಲ್ಲ” ಎಂದೆವು.

“ಒಂದು ಗ್ಲಾಸಿಗೆ ಎಂತ ಆಗ್ತದೆ? ಬೇಕಾದರೆ ಆ ಎರಡು ಮಾತ್ರೆ ಬಿಡುವ. ಹಲ್ಲುನೋವು ಕಡಿಮೆ ಆಗಿದೆ.”

ಕೌಂಟರಿನಲ್ಲಿ ಎಷ್ಟೋ ಸಲ ಕೇಳಿದ ಮಾತೇ ಇದು. ಈ ಮಾತ್ರೆಯ ಜೊತೆ ಮದ್ಯ ಸೇರಿದರೆ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಹೊಡೆದುಕೊಂಡು ವಾಂತಿಯಾಗಬಹುದು ಎಂದು ನಾವು ಕಲಿತದ್ದು. ಎಲ್ಲರಿಗೂ ಹಾಗೇ ಆಗುತ್ತದೆಯೇ ಎಂಬ ಬಗ್ಗೆ ಈಚೆಗೆ ಸಂಶಯ ಎತ್ತಿದವರೂ ಇದ್ದಾರೆ. ಆದರೂ ಯುರೋಪಿನ ಔಷಧ ಚೀಟಿಗಳಲ್ಲಿ ಈಗಲೂ ಇರುವುದು ಒಂದೇ ಮಾತು: ಮಾತ್ರೆ ಮುಗಿದ ಮೇಲೆ ಕನಿಷ್ಠ 48 ಗಂಟೆ ಮದ್ಯ ಬೇಡ. ಮಾತ್ರೆ ಬಿಟ್ಟರೆ ಆಗುವುದು ಇನ್ನೂ ಕೆಟ್ಟದ್ದು. ಬೆಳಿಗ್ಗೆ ತಿಂದ ಮಾತ್ರೆಯ ಅರ್ಧ ಪಾಲು ಇಳಿಯುವುದಕ್ಕೇ ಸುಮಾರು ಎಂಟು ಗಂಟೆ ಬೇಕು, ಹಾಗಾಗಿ ಔಷಧ ಮೈಯಲ್ಲಿ ಇದ್ದೇ ಇರುತ್ತದೆ. ಇತ್ತ ಹಲ್ಲಿನ ಕೀವು ಮತ್ತೆ ಏಳಬಹುದು. ಪರದೇಶದಲ್ಲಿ ರಾತ್ರಿ ಹಲ್ಲುನೋವು ಎದ್ದರೆ ಎಂತ ಮಾಡುವುದು? ಭಾವ ಉತ್ತರ ಕೊಡಲಿಲ್ಲ. ಟ್ರಾಮಿನಲ್ಲಿ ಕಿಟಕಿಯ ಕಡೆಗೇ ತಿರುಗಿ ಕೂತರು. ವರ್ಷಕ್ಕೊಮ್ಮೆ ಬಂದ ರಜೆ, ನಾವು ಹೀಗೆ ಹಾಳು ಮಾಡುತ್ತಿದ್ದೇವೆಯೇ ಎಂದು ನಮಗೂ ಕಸಿವಿಸಿ.

ಸಣ್ಣ ಜಾಗ, ಹತ್ತು ಹನ್ನೆರಡು ಮೇಜು. ಮೊದಲು ಬಂದದ್ದು ಕಾಲ್ದೊ ವೆರ್ದೆ. ಹಸಿರು ಸೊಪ್ಪನ್ನು ನೂಲಿನಷ್ಟು ತೆಳ್ಳಗೆ ಹೆಚ್ಚಿ, ಅರೆದ ಬಟಾಟೆಯ ಸಾರಿನಲ್ಲಿ ಕುದಿಸಿ, ಮೇಲೆ ಎರಡು ಚೂರು ಹೊಗೆಹಾಕಿದ ಮಾಂಸದ ಸಾಸೇಜು. ಅದೇ ಜಾತಿಯ ಸೊಪ್ಪನ್ನು ಐರಿಷರು ಬೇಯಿಸಿದ ಬಟಾಟೆ, ಬೆಣ್ಣೆಯ ಜೊತೆ ಮಸೆದು ಕೋಲ್ಕ್ಯಾನನ್ ಎನ್ನುತ್ತಾರೆ. ಹಿಂದಿನ ದಿನವಷ್ಟೇ ತಿಂದಿದ್ದೆವು. ಬಟಾಟೆಯಿಂದಲೇ ಬದುಕಿ, 1845ರಿಂದ ಅದಕ್ಕೆ ರೋಗ ಬಂದಾಗ ಹತ್ತು ಲಕ್ಷ ಜನರನ್ನು ಕಳೆದುಕೊಂಡ ನಾಡು ಅದು. ನಮ್ಮ ಊರಿನಲ್ಲಿ ಅದನ್ನು ಬಟಾಟೆ ಎನ್ನುವುದು ಪೋರ್ಚುಗೀಸರ ಬಾಯಿಂದ ಬಂದದ್ದು. ಚಾವಿ, ಪಗಾರ, ಇಗರ್ಜಿ, ಎಲ್ಲವೂ ಅವರವೇ. ಪಪ್ಪಾಯಿಗೆ ಪರಂಗಿ ಹಣ್ಣು ಎಂದು ಹೆಸರಿಟ್ಟು ಲೆಕ್ಕ ಸರಿಮಾಡಿಕೊಂಡವರು ನಾವು.

ಆಮೇಲೆ ಬಕಲ್ಯಾವ್ ಬಂತು. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಅದು ಪೋರ್ಚುಗಲ್ಲಿನ ಕರಾವಳಿಯ ಮೀನೇ ಅಲ್ಲ, ಉತ್ತರದ ತಣ್ಣನೆಯ ಕಡಲಿನದ್ದು. ಒಂದೆರಡು ದಿನ ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ, ಬಿಡಿಬಿಡಿ ಮಾಡಿ, ಕಡ್ಡಿಯಷ್ಟು ಸಣ್ಣಗೆ ಕರಿದ ಬಟಾಟೆ ಮತ್ತು ಮೊಟ್ಟೆಯ ಜೊತೆ ಬಾಡಿಸಿದ್ದರು. ಭಾವ ಒಂದು ತುತ್ತು ಬಾಯಿಗಿಟ್ಟು ಮೊದಲ ಸಲ ಮಾತಾಡಿದರು. “ಇದು ನಮ್ಮ ಒಣಮೀನೇ ಅಲ್ವಾ? ಕುಚ್ಚಲಕ್ಕಿ ಗಂಜಿ ಇದ್ದಿದ್ದರೆ!” ಬೆಳ್ಳುಳ್ಳಿ, ವಿನೆಗರಿನ ಮಸಾಲೆಯ ಹಂದಿಮಾಂಸದ ವಾಸನೆಗೆ ನಾದಿನಿ ಮಂಗಳೂರಿನ ತನ್ನ ಕ್ರಿಶ್ಚಿಯನ್ ಗೆಳತಿಯ ಮನೆಯ ಹಬ್ಬ ನೆನೆಸಿಕೊಂಡಳು. ವಿಂದಾಲು ಎಂಬ ಹೆಸರಿನಲ್ಲಿ ಈಗಲೂ ಪೋರ್ಚುಗೀಸರ ವೈನೂ ಬೆಳ್ಳುಳ್ಳಿಯೂ ಅಡಗಿ ಕೂತಿವೆ. ಉಳ್ಳಾಲದಲ್ಲಿ ಅವರ ವಿರುದ್ಧ ಕತ್ತಿ ಹಿಡಿದ ಅಬ್ಬಕ್ಕನ ಕರಾವಳಿಯವರು ನಾವು, ಡಬ್ಲಿನ್‌ನಲ್ಲಿ ಅವರ ಪಾತ್ರೆ ಬಳಿದು ತಿಂದೆವು.

ನಾವು ಮೂವರು ವಿನ್ಯೊ ವೆರ್ದೆ ತರಿಸಿದೆವು. ಹೆಸರಿನ ಅರ್ಥ ಹಸಿರು ವೈನ್, ಆದರೆ ಬಣ್ಣ ಹಸಿರಲ್ಲ. ಎಳೆಯದು ಎಂಬ ಅರ್ಥ. ಪೋರ್ಚುಗಲ್ಲಿನ ವಾಯುವ್ಯದ ಮಳೆನಾಡಿನದ್ದು. ತಣ್ಣಗೆ, ಸ್ವಲ್ಪ ಹುಳಿ, ನಾಲಿಗೆಯ ತುದಿಯಲ್ಲಿ ಸಣ್ಣ ಗುಳ್ಳೆ. ಮೀನಿಗೆ ನಿಂಬೆ ಹಿಂಡಿದ ಹಾಗೆ ಕೆಲಸ ಮಾಡುತ್ತದೆ. ಬರೇ ಕುಡಿದರೆ ವಿಶೇಷ ಏನಿಲ್ಲ, ಉಪ್ಪು ಮೀನಿನ ತುತ್ತಿನ ಹಿಂದೆಯೇ ಕುಡಿಯಬೇಕು. ಬಾಟಲಿಯ ಮೇಲೆ ಶೇಕಡಾ 10 ಎಂದಿತ್ತು.

ಆ ಅಂಕಿ ನೋಡಿದರೆ ಡಿಪ್ಲೊಮಾದಲ್ಲಿ ಕಲಿತ ಲೆಕ್ಕ ಮಾಡದೆ ಇರಲು ನಮ್ಮಿಂದಾಗದು. 150 ಮಿ.ಲೀ. ಗ್ಲಾಸಿನಲ್ಲಿ ಶುದ್ಧ ಮದ್ಯ 15 ಮಿ.ಲೀ., ತೂಕದಲ್ಲಿ ಸುಮಾರು 12 ಗ್ರಾಂ. ಶೇಕಡಾ 20ರ ಪೋರ್ಟ್ ವೈನಾದರೆ ಅಷ್ಟೇ ಮದ್ಯ ಅರ್ಧ ಗ್ಲಾಸಿನಲ್ಲೇ ಬರುತ್ತದೆ. ಪೋರ್ಟಿಗೆ ಕೊಡುವ ಗ್ಲಾಸು ಚಿಕ್ಕದು ಯಾಕೆ ಎಂಬುದಕ್ಕೆ ಇದೇ ಉತ್ತರ. ಐರ್ಲೆಂಡಿನಲ್ಲಿ 10 ಗ್ರಾಂ ಎಂದರೆ ಒಂದು ಅಳತೆ. ವಾರಕ್ಕೆ ಗಂಡಸರಿಗೆ 17, ಹೆಂಗಸರಿಗೆ 11 ಅಳತೆ ದಾಟಬಾರದು ಎಂಬುದು ಅಲ್ಲಿನ ಆರೋಗ್ಯ ಇಲಾಖೆಯ ಮಾತು. 2022ರ ಜನವರಿಯಿಂದ ಗ್ರಾಂಗೆ 10 ಸೆಂಟ್‌ಗಿಂತ ಅಗ್ಗದಲ್ಲಿ ಮದ್ಯ ಮಾರುವಂತೆಯೂ ಇಲ್ಲ. ಶೇಕಡಾ 12.5ರ ಒಂದು ಬಾಟಲಿ ವೈನಿಗೆ 7.40 ಯೂರೋ ಆದರೂ ಆಗಲೇಬೇಕು. ಅಗ್ಗದ ಸರಕು ಕುಡಿದು ಸಾಯುವವರನ್ನು ಉಳಿಸುವ ಉಪಾಯ. ಹೆಚ್ಚು ಬೆಲೆಯ ಬಾಟಲಿ ಕೊಳ್ಳುವವರಿಗೆ ಇದು ತಟ್ಟುವುದೇ ಇಲ್ಲ ಎಂಬ ಆಕ್ಷೇಪವೂ ಸುಳ್ಳಲ್ಲ. ಆದರೂ ನಮಗೆ ಇದು ಸರಿಯೆನಿಸಿತು.

ಊಟ ಮುಗಿದಾಗ ಒಂಬತ್ತೂವರೆ. ಭಾವ ಎಲ್ಲರೆದುರು ಕೊನೆಯ ಮಾತ್ರೆ ನುಂಗಿ, ಗಡಿಯಾರ ತೋರಿಸಿ, “ಭಾನುವಾರ ಒಂಬತ್ತೂವರೆ. ಆಮೇಲೆ ತಕರಾರು ಇಲ್ಲ ತಾನೇ?” ಎಂದರು. ಇಲ್ಲ ಎಂದೆವು.

ಶನಿವಾರ ರೈಲಿನಲ್ಲಿ ಎರಡೂವರೆ ಗಂಟೆಯ ದಾರಿ, ಕಾರ್ಕ್ ನಗರಕ್ಕೆ. ಬಾಟಲಿಯ ಬಿರಡೆಗೂ ಆ ಹೆಸರಿಗೂ ಸಂಬಂಧವಿಲ್ಲ, ಐರಿಷ್ ಭಾಷೆಯಲ್ಲಿ ಜೌಗು ನೆಲ ಎಂಬುದರಿಂದ ಬಂದದ್ದು. ಬಿರಡೆಯ ಕಾರ್ಕ್ ಸುಮಾರು ಅರ್ಧದಷ್ಟು ಬರುವುದು ಪೋರ್ಚುಗಲ್ಲಿನ ಮರಗಳಿಂದ, ಒಂದು ಮರದ ತೊಗಟೆ ಸುಲಿದರೆ ಮತ್ತೆ ಸುಲಿಯಲು ಒಂಬತ್ತು ವರ್ಷ ಕಾಯಬೇಕು. “ನಲವತ್ತೆಂಟು ಗಂಟೆ ಎಂತ ಮಹಾ” ಎಂದು ಭಾವನೇ ಹೇಳಿ ನಕ್ಕಾಗ ನಮಗೆ ಸಮಾಧಾನವಾಯಿತು. ಈ ಊರಿನ ಬೆಣ್ಣೆ ಹಿಂದೆ ಪೋರ್ಚುಗಲ್ಲಿಗೂ ಹೋಗುತ್ತಿತ್ತು. 1770ರಲ್ಲಿ ಶುರುವಾದ ಬೆಣ್ಣೆ ಮಾರುಕಟ್ಟೆಯಲ್ಲಿ ಪೀಪಾಯಿ ಪೀಪಾಯಿಯನ್ನೂ ಪರೀಕ್ಷಿಸಿ ದರ್ಜೆ ಹಾಕುತ್ತಿದ್ದರಂತೆ. ಪೋರ್ಚುಗಲ್ಲಿನಲ್ಲಿ ಅದಕ್ಕೂ ಮೊದಲೇ, 1756ರಲ್ಲಿ, ಪೊಂಬಾಲ್ ಎಂಬ ಮಂತ್ರಿ ದೋರು ಕಣಿವೆಗೆ ಗಡಿ ಹಾಕಿಸಿದ. ಯಾವುದೋ ಕಾಡುಹಣ್ಣಿನ ರಸ ಬೆರೆಸಿ ಬಣ್ಣ ಏರಿಸಿದ ವೈನು ಪೋರ್ಟ್ ಹೆಸರಿನಲ್ಲಿ ಮಾರಾಟವಾಗುತ್ತಿತ್ತಂತೆ. ಕಲಬೆರಕೆ ತಡೆದವರ ಕತೆ ಕೇಳಿದರೆ ಔಷಧದವರಿಗೆ ಎಲ್ಲಿಲ್ಲದ ಪ್ರೀತಿ.

ವಾಪಸು ಬರುವಾಗ ಒಂದು ಬಾಟಲಿ ಪೋರ್ಟ್ ಕೊಂಡೆವು. ಅಲ್ಲಿ ಅಂಗಡಿಗಳಲ್ಲಿ ರಾತ್ರಿ ಹತ್ತರ ನಂತರ ಮದ್ಯ ಮಾರುವುದಿಲ್ಲ, ಭಾನುವಾರ ಓಡುವುದು ಬೇಡವೆಂದು. ದ್ರಾಕ್ಷಿರಸ ಹುದುಗುತ್ತಿರುವಾಗಲೇ ನಡುವೆ ಬ್ರಾಂದಿಯಂಥ ಸ್ಪಿರಿಟ್ ಸುರಿದರೆ ಹುದುಗು ನಿಂತು, ಸಕ್ಕರೆ ಹಾಗೇ ಉಳಿಯುತ್ತದೆ. ಪೋರ್ಟ್ ಸಿಹಿಯಾಗಿರುವುದು ಅದಕ್ಕೇ. ಸಕ್ಕರೆ ಕಾಯಿಲೆಯವರು, ಮುಖ್ಯವಾಗಿ ಇನ್ಸುಲಿನ್ ತೆಗೆದುಕೊಳ್ಳುವವರು, ಇಲ್ಲಿ ಎರಡು ಕಡೆ ಎಚ್ಚರ ಇರಬೇಕು. ಸಿಹಿ ಸಕ್ಕರೆಯನ್ನು ಏರಿಸುತ್ತದೆ, ಖಾಲಿ ಹೊಟ್ಟೆಯ ಮದ್ಯ ಆಮೇಲೆ ಇಳಿಸುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್, ನಿದ್ರೆಮಾತ್ರೆಯವರು ಹೊರಡುವ ಮೊದಲೇ ತಮ್ಮ ಡಾಕ್ಟರನ್ನು ಕೇಳಿಕೊಳ್ಳಲಿ, ಹೋಟೆಲಿನ ಮೇಜಿನಿಂದ ನಮಗೆ ಫೋನು ಮಾಡುವುದು ಬೇಡ.

ಭಾನುವಾರ ರಾತ್ರಿ ನಾದಿನಿಯ ಅಡುಗೆಮನೆ. ಮಧ್ಯದಲ್ಲಿ ಪಾಸ್ತೆಲ್ ದೆ ನಾತಾ, ಮೊಟ್ಟೆಯ ಹಳದಿಯ ಪುಟ್ಟ ಬಟ್ಟಲುಗಳು, ಮೇಲೆ ಅಲ್ಲಲ್ಲಿ ಸುಟ್ಟ ಕಲೆ. ಹೊರಗೆ ಮಳೆ. ಒಂಬತ್ತೂ ಮೂವತ್ತಕ್ಕೆ ಸರಿಯಾಗಿ ಭಾವ ಗ್ಲಾಸು ಮುಂದೆ ಸರಿಸಿದರು. ನಾವು 75 ಮಿ.ಲೀ. ಅಂದಾಜಿನಲ್ಲಿ ಹಾಕಿದೆವು. ಅವರು ಮೂಸಿದರು, ಒಂದು ಗುಟುಕು ಕುಡಿದರು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಭಾವ, ಇದು ದ್ರಾಕ್ಷಾರಿಷ್ಟ ಅಲ್ವಾ? ಸಣ್ಣವನಿರುವಾಗ ಜ್ವರ ಬಂದು ಸೊರಗಿದರೆ ಅಮ್ಮ ಊಟ ಆದ ಮೇಲೆ ಕೊಡುತ್ತಿದ್ದದ್ದು!”

ನಾದಿನಿ ಎದ್ದು ಡ್ರಾಯರ್ ಎಳೆದಳು. “ಹಾಗಾದರೆ ಅಣ್ಣ, ಚಮಚ ಕೊಡಲಾ?”